ಒಂದು ಹಿಡಿ ಕುಟ್ಟಿದ ಗೋಧಿ

ಗೌರಾಬಾಯಿಯ ಗೋಧಿ ಬೇಡ ಎಂದು ಸಮಾಜ ತೀರ್ಮಾನ ಮಾಡಿ ಏಳು ವರ್ಷವಾಗಿತ್ತು. ಬೇಡವಾಗಿದ್ದದ್ದು ಒಂದೇ ಒಂದು ಹಿಡಿ. ಪುಣೆಯ ಬಿಬವೇವಾಡಿಯ ಯಾವ ಅಂಗಡಿಯಲ್ಲಿ ತೂಗಿದರೂ ತಕ್ಕಡಿ ಅಲ್ಲಾಡುವುದೇ ಅನುಮಾನ. ಆದರೆ ಆ ಹಿಡಿ ಸಿದ್ದಪ್ಪಜ್ಜನ ಕೊಪ್ಪರಿಗೆಗೆ ಬೀಳದಿದ್ದರೆ ಆ ಮನೆಯವರು ಸಮಾಜದ ಪಾಲಿಗೆ ಸತ್ತ ಹಾಗೆ. ಸತ್ತವರಿಗಾದರೂ ನಾಲ್ಕು ಜನ ಹೆಗಲು ಕೊಡುತ್ತಾರೆ, ಇವರಿಗೆ ಅದೂ ಇಲ್ಲ.

ಸಮಾಜವೆಂದರೆ ಭಾರೀ ದೊಡ್ಡದೇನಲ್ಲ. ಇಂಡಿ, ಸಿಂದಗಿ ಕಡೆಯಿಂದ ಮೂರು ತಲೆಮಾರಿನ ಹಿಂದೆ ಪುಣೆಗೆ ಬಂದು ಕಿರಾಣಿ, ಬಟ್ಟೆ, ಕಾಳುಕಡಿ ಎಂದು ಅಂಗಡಿ ಹಾಕಿಕೊಂಡ ಇನ್ನೂರು ಚಿಲ್ಲರೆ ಮನೆಗಳು. ಅವರಿಗೊಂದು ಸಭಾಭವನ, ಭವನದೊಳಗೆ ಸಿದ್ದಪ್ಪಜ್ಜನ ಗದ್ದುಗೆ. ವರ್ಷಕ್ಕೊಮ್ಮೆ ಅಜ್ಜನ ದಿನದಂದು ಪ್ರತಿ ಮನೆಯ ಹಿರಿಯ ಹೆಂಗಸು ಒಂದು ಹಿಡಿ ಕುಟ್ಟಿದ ಗೋಧಿ ತಂದು ಕೊಪ್ಪರಿಗೆಗೆ ಹಾಕಬೇಕು. ಎಲ್ಲರ ಗೋಧಿಯೂ ಒಟ್ಟಿಗೆ ಬೆಂದು ಹುಗ್ಗಿಯಾಗಬೇಕು. ಹಿಡಿ ಬಿದ್ದ ಮನೆಗೆ ಹೆಣ್ಣು ಕೊಡುತ್ತಾರೆ, ಆ ಮನೆಯಿಂದ ಹೆಣ್ಣು ತರುತ್ತಾರೆ, ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ. ಕೊಪ್ಪರಿಗೆಯ ಪಕ್ಕ ನಿಂತು ಹೂಂ ಅನ್ನುವ, ಊಹೂಂ ಅನ್ನುವ ಅಧಿಕಾರ ಅಧ್ಯಕ್ಷ ಹೊಳಬಸಪ್ಪನದು. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಎತ್ತರದಲ್ಲಿ ಕೂತೂ ಕೂತೂ ಆತನಿಗೆ ಬಂದವರನ್ನೆಲ್ಲ ಕೆಳಗೆ ನೋಡುವ ರೂಢಿ ಬಿದ್ದುಹೋಗಿತ್ತು.

ಗೌರಾಬಾಯಿ ಮಾಡಿದ ತಪ್ಪಾದರೂ ಏನು? ತೊಂಬತ್ತಾರರಲ್ಲಿ ಆಕೆಯ ಒಬ್ಬಳೇ ಮಗಳು ನೀತಾಳ ಎಡಗೈಯನ್ನು ಗಂಡ ಬಾಗಿಲ ಅಗುಳಿಯಿಂದ ಹೊಡೆದು ಮುರಿದ. ಆ ಗಂಡ ಹೊಳಬಸಪ್ಪನ ತಮ್ಮನ ಮಗ. ಇಂಥ ಜಗಳ ಏನಿದ್ದರೂ ಗದ್ದುಗೆಯ ಮುಂದೆ ಪಂಚರ ಎದುರು ಬಗೆಹರಿಯಬೇಕು, ಹೊಸ್ತಿಲು ದಾಟಬಾರದು ಎನ್ನುವುದು ಸಮಾಜದ ಕಟ್ಟಳೆ. ಗೌರಾಬಾಯಿ ವಿಧವೆ. ಗಂಡ ಫಕೀರಪ್ಪ ಬದುಕಿದ್ದಾಗಲೂ ಆಕೆ ಯಾರಿಗೂ ಹೆದರಿದವಳಲ್ಲ. ಮಗಳ ಮುರಿದ ಕೈಗೆ ತನ್ನ ಸೆರಗನ್ನೇ ಹರಿದು ಕಟ್ಟಿ ನೆಟ್ಟಗೆ ಪೊಲೀಸ್ ಚೌಕಿಗೆ ಹೋಗಿ ಕೂತಳು.

ಮರುವಾರವೇ ಪಂಚರು ಸೇರಿದರು. ಮುರಿದ ಕೈಯ ಬಗ್ಗೆ ಒಬ್ಬನೂ ಒಂದು ಮಾತು ಆಡಲಿಲ್ಲ. ಗೌರಾಬಾಯಿ ಹೊಸ್ತಿಲು ದಾಟಿದ್ದರ ಬಗ್ಗೆ ಎರಡು ತಾಸು ಮಾತಾಡಿದರು. ಕಡೆಗೆ ಹೊಳಬಸಪ್ಪ ತೀರ್ಪು ಹೇಳಿದ.

"ಸಮಾಜದ ಮಾನ ಹೊರಗ ಹಾಕ್ಯಾಳ. ಇನ್ನ ಮ್ಯಾಲ ಆಕಿ ಹಿಡಿ ಕೊಪ್ಪರಿಗಿಗೆ ಬೀಳೂದಿಲ್ಲ. ಮತ್ತ ಒಳಗ ಬರಬೇಕಂದ್ರ ಪ್ರಾಯಶ್ಚಿತ್ತ ಅದ. ಸಭಾಕ್ಕ ಬಂದವರ ಚಪ್ಪಲಿ ಅಷ್ಟೂ ಬುಟ್ಟಿಗೆ ತುಂಬಿ ತಲಿ ಮ್ಯಾಲ ಹೊತ್ತು ಭವನಕ್ಕ ಮೂರು ಸುತ್ತು ಹಾಕಬೇಕು."

"ಕೈ ಮುರದಾಂವಗ ಎಷ್ಟು ಸುತ್ತು ರೀ?" ಎಂದು ಗೌರಾಬಾಯಿ ಕೇಳಿದಳು.

ಆಕೆ ತನ್ನ ಚಪ್ಪಲಿ ಮೆಟ್ಟಿಕೊಂಡು ಹೊರಟು ಬಂದಳು.

ಅಲ್ಲಿಂದ ಶುರುವಾಯಿತು ನೋಡಿ. ಎದುರಿಗೆ ಬಂದವರು ರಸ್ತೆಯ ಆ ಬದಿಗೆ ದಾಟುವರು. ಮದುವೆಯ ಮೆರವಣಿಗೆ ಆಕೆಯ ಮನೆ ಮುಂದೆ ಬಂದಾಗ ಬ್ಯಾಂಡಿನವರು ಸಹ ಸುಮ್ಮನಾಗುವರು. ನೀತಾ ಪುಣೆಯಾಚೆಯ ಚಾಕಣದಲ್ಲಿ ವಾಹನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಕೋಣೆ ಮಾಡಿಕೊಂಡು ಉಳಿದಳು. ಕಾರ್ಖಾನೆಯಲ್ಲಿ ನಿನ್ನ ಸಮಾಜ ಯಾವುದು ಎಂದು ಯಾರೂ ಕೇಳುವುದಿಲ್ಲ. ಗೌರಾಬಾಯಿ ಮಾತ್ರ ಬಿಬವೇವಾಡಿ ಬಿಡಲಿಲ್ಲ. "ನಾ ಯಾಕ ಹೋಗ್ಲಿ? ನನ್ನ ಹಿಡಿ ಅದ ಕೊಪ್ಪರಿಗಿಗೇ ಬೀಳಬೇಕು. ತಲಿ ಮ್ಯಾಲ ಒಂದ ಒಂದು ಚಪ್ಪಲಿ ಹೊರಲಾರದ ಬೀಳಬೇಕು," ಎಂದು ಹಟ ಹಿಡಿದಳು. ಎರಡು ವರ್ಷ ಕಾದು ಕೋರ್ಟಿಗೆ ಹೋದಳು.

ಇಲ್ಲಿ ಒಂದು ಗುಟ್ಟಿನ ಮಾತು ಹೇಳಬೇಕು. ಹುಗ್ಗಿಯ ಗೋಧಿ ಕುಟ್ಟುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಗೋಧಿಗೆ ನೀರು ಚಿಮುಕಿಸಿ, ಒರಳಿಗೆ ಸುರಿದು, ಕಾಳು ಒಡೆಯದಂತೆ ಸಿಪ್ಪೆ ಮಾತ್ರ ಬಿಡುವಂತೆ ಕುಟ್ಟಬೇಕು. ಒರಳು ಒನಕೆ ಇಟ್ಟುಕೊಂಡವಳು, ಕುಟ್ಟುವ ಹದ ಬಲ್ಲವಳು ಆ ಸಮಾಜದಲ್ಲಿ ಉಳಿದದ್ದು ಗೌರಾಬಾಯಿ ಒಬ್ಬಳೇ. ಮೊದಲೆಲ್ಲ ಅರ್ಧ ಸಮಾಜದ ಗೋಧಿ ಆಕೆಯ ಅಂಗಳಕ್ಕೇ ಬರುತ್ತಿತ್ತು. ಬಹಿಷ್ಕಾರ ಹಾಕಿದ ವರ್ಷ ಎಲ್ಲರೂ ಗಿರಣಿಯಲ್ಲಿ ಗೋಧಿ ಮಾಡಿಸಿದರು. ಆ ವರ್ಷದ ಹುಗ್ಗಿ ಗೋಡೆಗೆ ಭಿತ್ತಿಪತ್ರ ಹಚ್ಚುವ ಅಂಟಿನಂತಾಗಿತ್ತು. ಹೊಳಬಸಪ್ಪ ಒಂದು ತುತ್ತು ಬಾಯಿಗಿಟ್ಟು, ಹೆಂಡತಿ ಪಾರವ್ವನನ್ನು ನೂರು ಜನರೆದುರು ಬೈದನಂತೆ.

ಮುಂದಿನ ವರ್ಷ ಅಜ್ಜನ ದಿನಕ್ಕೆ ಎಂಟು ದಿನ ಇದೆ ಎನ್ನುವಾಗ ಪಕ್ಕದ ಮನೆಯ ಶಿಂದೆ ವಹಿನಿ, ಮರಾಠಿ ಹೆಂಗಸು, ಗೋಡೆಯ ಮೇಲಿಂದ ಒಂದು ಚೀಲ ದಾಟಿಸಿದಳು. ಒಳಗೆ ಹದಿನೈದು ಇಪ್ಪತ್ತು ಮನೆಯ ಗೋಧಿ, ಬೇರೆ ಬೇರೆ ಗಂಟು. ಯಾರ ಹೆಸರೂ ಇರಲಿಲ್ಲ. ಆದರೆ ಒಂದು ಗಂಟು ಬಟ್ಟೆಯ ಕೈಚೀಲದಲ್ಲಿ, ಪಿಶವಿಯಲ್ಲಿತ್ತು, ಅದರ ಮೇಲೆ ಹೊಳಬಸಪ್ಪನ ಅಂಗಡಿಯ ಹೆಸರೇ ಅಚ್ಚಾಗಿತ್ತು. ಪಾರವ್ವ ಗೌರಾಬಾಯಿಯ ಚಿಕ್ಕಂದಿನ ಗೆಳತಿ. ಈಗ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುತ್ತ ನಿಲ್ಲುವವಳು.

'ಕೈ ಬೇಡ, ಕೈಯ ಕೆಲಸ ಬೇಕು ಇವರಿಗೆ' ಎಂದು ಗೌರಾಬಾಯಿಗೆ ಮೈಯೆಲ್ಲ ಉರಿಯಿತು. ಚೀಲ ಗಟಾರಕ್ಕೆ ಸುರಿದುಬಿಡೋಣ ಅನ್ನಿಸಿತು. ಆದರೂ ಕುಟ್ಟಿದಳು. ಒಂದೊಂದು ಏಟಿಗೂ ಒಬ್ಬೊಬ್ಬ ಪಂಚನ ಹೆಸರು ಹೇಳಿ ಕುಟ್ಟಿದಳು. ಆ ವರ್ಷ ಹುಗ್ಗಿ ಬಾಯಲ್ಲಿಟ್ಟರೆ ಕರಗುವಂತಿತ್ತು ಎಂದು ಶಿಂದೆ ವಹಿನಿ ಸುದ್ದಿ ತಂದಳು. ಆಮೇಲೆ ಪ್ರತಿ ವರ್ಷ ಚೀಲ ಗೋಡೆ ದಾಟಿ ಬರತೊಡಗಿತು, ಪ್ರತಿ ವರ್ಷ ಗೌರಾಬಾಯಿ ಕುಟ್ಟಿ ಕಳಿಸಿದಳು. ಈ ವಿಷಯ ಆಕೆ ತನ್ನ ವಕೀಲನಿಗೂ ಹೇಳಿರಲಿಲ್ಲ.

ವಕೀಲ ಸದಾನಂದ ಪಕ್ಕದ ಧನಕವಡಿಯ ಹುಡುಗ, ಕನ್ನಡದವನೇ. ಬುದ್ಧಿವಂತ, ಆದರೆ ಮುಖದಲ್ಲಿ ಏನನ್ನೂ ಮುಚ್ಚಿಡಲಾರದವನು. ಎರಡು ಸಾವಿರದ ಎರಡರ ಕೊನೆಗೆ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತು ಆತ ಗೌರಾಬಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದ.

"ಕಾಕೂ, ಕೇಸು ನಮ್ಮ ಕಡೆ ಇಲ್ರಿ. ಸಂವಿಧಾನದ ಇಪ್ಪತ್ತಾರನೇ ಕಲಮು ಅದ. ಧಾರ್ಮಿಕ ಪಂಗಡಕ್ಕ ತನ್ನ ಧರ್ಮದ ವಿಷಯ ತಾನ ನೋಡಕೊಳ್ಳೂ ಹಕ್ಕು. ಧರ್ಮ ಉಳಿಸಾಕ ಒಬ್ಬರನ್ನ ಹೊರಗ ಹಾಕೂದೂ ಆ ಹಕ್ಕಿನಾಗ ಬರ್ತದ ಅಂತ ದೊಡ್ಡ ಕೋರ್ಟು ಹಿಂದ ಹೇಳೇದ. ಅವರ ವಕೀಲರು ಅದನ್ನ ಹಿಡದು ಕುಂತಾರ."

"ನಂದು ಯಾವ ಕಲಮು?"

"ಇಪ್ಪತ್ತೊಂದು. ಬದುಕೂ ಹಕ್ಕು ಅಂದ್ರ ಮಾನದಿಂದ ಬದುಕೂ ಹಕ್ಕು."

"ಹಂಗಾರ ಇಪ್ಪತ್ತಾರು ದೊಡ್ಡದೋ, ಇಪ್ಪತ್ತೊಂದು ದೊಡ್ಡದೋ?"

ಸದಾನಂದ ನಕ್ಕ. "ಹಂಗ ಅಳತಿ ಮಾಡೂದಲ್ರಿ. ಒಂದು ಎಲ್ಲಿ ಮುಗೀತದ, ಇನ್ನೊಂದು ಎಲ್ಲಿಂದ ಶುರು ಆಗ್ತದ ಅಂತ ಕೋರ್ಟು ನೋಡ್ತದ. ಇದು ಅವರ ಖರೇ ನಂಬಿಕಿ ಅಂತ ಆದ್ರ ನಾವು ಸೋತಂಗ. ನಂಬಿಕಿ ಅಲ್ಲ, ಬರೇ ಹಗಿ ಅಂತ ತೋರಿಸಿದ್ರ ಮಾತ್ರ ಉಳೀತೀವಿ."

ಹೊಳಬಸಪ್ಪನಿಗೂ ಆತನ ವಕೀಲರು ಇದನ್ನೇ ಹೇಳಿಕೊಟ್ಟಿದ್ದರು. ಹಗೆಯ ಮಾತು ಎತ್ತಬೇಡಿ, ಚೌಕಿಯ ಮಾತು ಎತ್ತಬೇಡಿ, ಎಲ್ಲವನ್ನೂ ನಂಬಿಕೆಯ ಮೇಲೆ ಹಾಕಿ. ಆತ ಕಟಕಟೆಯಲ್ಲಿ ನಿಂತು, ಅಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿ, ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ. ಹೊರಗೆ ಹಾಕಿದವರ ಕೈ ತಾಗಿದ ಒಂದು ಕಾಳು ಬಿದ್ದರೂ ಇಡೀ ಕೊಪ್ಪರಿಗೆ ಮೈಲಿಗೆ. ಹುಗ್ಗಿಯನ್ನು ಹರಿಯುವ ನೀರಿಗೆ ಸುರಿಯಲೇಬೇಕು. ಅಂಥವರ ಕೈಗೆ ಗೋಧಿ ಕೊಟ್ಟವರಿಗೂ, ಅವರ ಕೈಯಿಂದ ತಗೊಂಡವರಿಗೂ ಅದೇ ಶಿಕ್ಷೆ. ಇದು ಅಜ್ಜನ ಕಾಲದಿಂದ ಬಂದ ನಂಬಿಕೆ, ಇದರಲ್ಲಿ ತನ್ನದೇನೂ ಇಲ್ಲ. ಹೇಳಿದ್ದನ್ನೇ ಮೂರು ಸಲ ಹೇಳಿದ. ಗುಮಾಸ್ತ ಟೈಪು ಮಾಡಿದ.

ಗೌರಾಬಾಯಿ ಹಿಂದೆ ಕೂತು ಕೇಳಿದಳು. ನಗು ಬಂತು. ತನ್ನ ಕೈಯಲ್ಲೇ ಅಸ್ತ್ರವಿದೆ ಎಂದು ಆಕೆಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಬೀಸಿದರೆ ಮೊದಲು ಬೀಳುವುದು ಪಾರವ್ವನ ಮೇಲೆ ಎಂಬುದೂ ಗೊತ್ತಾಯಿತು. ಆ ತಾರೀಖಿಗೆ ಬಾಯಿ ಬಿಡಲಿಲ್ಲ, ಮುಂದಿನ ತಾರೀಖಿಗೂ ಬಿಡಲಿಲ್ಲ. ಮುಖ ತಿರುಗಿಸಿ ಕೊತ್ತಂಬರಿ ಕೊಳ್ಳುವವಳ ಸಲುವಾಗಿ ತಾನೇಕೆ ಸೋಲಬೇಕು ಎಂದು ತನ್ನನ್ನೇ ಬೈದುಕೊಂಡಳು.

ಮೂರನೆಯ ತಾರೀಖಿಗೆ ಹೊಳಬಸಪ್ಪ ಕೋರ್ಟಿನ ಮೆಟ್ಟಿಲ ಮೇಲೆ ಆಕೆಯನ್ನು ನಿಲ್ಲಿಸಿದ. ನೀತಾ ರಜೆ ಹಾಕಿ ತಾಯಿಯ ಜೊತೆ ಬಂದಿದ್ದಳು.

"ನೋಡವಾ ಗೌರಾಬಾಯಿ, ಸೋಲೂದು ನಿನಗೂ ಗೊತ್ತಾಗೇದ. ಈಗೂ ಟೈಮ್ ಅದ. ಬುಟ್ಟಿ ಹೊರು, ಒಳಗ ಬಾ. ಆದ್ರ ಈಗ ಒಬ್ಬಾಕಿ ಹೊತ್ರ ಆಗೂದಿಲ್ಲ. ಈ ಹುಡುಗೀನೂ ಹೊರಬೇಕು. ಒಂದ ಕೈಲೆ ಹಿಡದ್ರೂ ನಡೀತದ."

ಹೇಳಿ ಆತ ನೀತಾಳ ಸೊಟ್ಟಗೆ ಕೂಡಿದ ಎಡಗೈ ನೋಡಿ ನಕ್ಕ. ಬೇರೇನೂ ಬೇಕಾಗಲಿಲ್ಲ. ಗೌರಾಬಾಯಿ ಸದಾನಂದನನ್ನು ಮೂಲೆಗೆ ಕರೆದು ಎಲ್ಲ ಹೇಳಿದಳು. ಹಿಂದಿನ ಅಜ್ಜನ ದಿನಕ್ಕೆ ಗೋಧಿ ಬಂದಿದ್ದ ಪಿಶವಿ, ವಾಪಸು ಕಳಿಸದೆ ಉಳಿದದ್ದು, ಇನ್ನೂ ಒರಳಿನ ಪಕ್ಕದಲ್ಲೇ ಇತ್ತು. ನೀತಾ ರಿಕ್ಷಾ ಹಿಡಿದು ಹೋಗಿ ಅದನ್ನು ತಂದಳು.

ಮಧ್ಯಾಹ್ನದ ಪಾಟೀಸವಾಲು ಹತ್ತು ನಿಮಿಷವೂ ನಡೆಯಲಿಲ್ಲ. ಸದಾನಂದ ಮೊದಲು ಕೇಳಿದ್ದು ಹುಗ್ಗಿಯ ರುಚಿಯ ಬಗ್ಗೆ. ಹೊಳಬಸಪ್ಪ ಬೀಗಿದ. ಐದಾರು ವರ್ಷಗಳಿಂದ ಬಹಳ ಚೆನ್ನಾಗಿ ಆಗುತ್ತಿದೆ, ಅಜ್ಜನ ಕೃಪೆ ಎಂದ. ಒಮ್ಮೆಯಾದರೂ ಹರಿಯುವ ನೀರಿಗೆ ಸುರಿದಿರಾ ಎಂದು ಸದಾನಂದ ಕೇಳಿದ. ಛೇ, ಯಾಕೆ ಸುರಿಯಬೇಕು ಎಂದ. ಆಗ ಸದಾನಂದ ಪಿಶವಿಯನ್ನು ಮೇಜಿನ ಮೇಲಿಟ್ಟು, ಇದು ಯಾರ ಅಂಗಡಿಯದು, ಇದು ಗೌರಾಬಾಯಿಯವರ ಒರಳಿನ ಪಕ್ಕ ಏಕಿತ್ತು, ನಿಮ್ಮ ಮನೆಯ ಹಿಡಿ ಆರು ವರ್ಷಗಳಿಂದ ಯಾರ ಕೈಯಲ್ಲಿ ಕುಟ್ಟಿಸಿಕೊಂಡು ಕೊಪ್ಪರಿಗೆಗೆ ಬಿತ್ತು ಎಂದು ಒಂದರ ಹಿಂದೊಂದು ಕೇಳಿದ. ಎದುರು ವಕೀಲರು ಎದ್ದು ಕೂಗಾಡಿದರು.

ಹೊಳಬಸಪ್ಪ ತಿರುಗಿ ಹಿಂದಿನ ಬೆಂಚು ನೋಡಿದ. ಅಲ್ಲಿ ಸಮಾಜದ ಹೆಂಗಸರ ನಡುವೆ ಕೂತಿದ್ದ ಪಾರವ್ವನ ಮುಖ ಎಲ್ಲವನ್ನೂ ಹೇಳುತ್ತಿತ್ತು.

ನ್ಯಾಯಾಧೀಶರು, ಕನ್ನಡಕ ಹಾಕಿದ ಗಂಭೀರ ಹೆಂಗಸು, ತಾವೇ ಒಂದು ಪ್ರಶ್ನೆ ಹಾಕಿದರು. ಹೊರಗೆ ಹಾಕಿದವರಿಗೆ ಗೋಧಿ ಕೊಟ್ಟವರಿಗೂ ಅದೇ ಶಿಕ್ಷೆ ಎಂದು ಹೇಳಿದ್ದೀರಿ. ಅದು ಎಲ್ಲರಿಗೂ ಅನ್ವಯಿಸುತ್ತದೆಯೇ?

ಇಲ್ಲಿ ಆತ ಬಾಗುತ್ತಾನೆ ಎಂದು ಗೌರಾಬಾಯಿ ನಂಬಿದ್ದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ. ಅವಳ ಸಲುವಾಗಿಯಾದರೂ, ಇದೆಲ್ಲ ಸುಮ್ಮನೆ ಹೇಳಿದ್ದು ಎಂದು ಒಪ್ಪಿಕೊಳ್ಳುತ್ತಾನೆ ಅಂದುಕೊಂಡಿದ್ದಳು.

ಹೊಳಬಸಪ್ಪ ಗಂಟಲು ಸರಿಮಾಡಿಕೊಂಡ. "ಕಟ್ಟಳೆ ಎಲ್ಲರಿಗೂ ಒಂದೇ," ಎಂದ. ಮರಾಠಿಯಲ್ಲಿ ಹೇಳಿ, ಬೆಂಚಿನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದ, "ಎಲ್ಲಾರಿಗೂ ಒಂದ."

ಆ ಸಂಜೆಯೇ ಪಾರವ್ವನ ಟ್ರಂಕು ರಿಕ್ಷಾ ಹತ್ತಿತು. ಅವಳು ಧನಕವಡಿಯಲ್ಲಿದ್ದ ತಮ್ಮನ ಮನೆ ಸೇರಿದಳು.

ತೀರ್ಪು ಬಂದದ್ದು ಎರಡು ತಿಂಗಳ ಮೇಲೆ. ಸದಾನಂದ ಅದನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದ. ದೇವರಿಗೆ ಯಾರ ಗೋಧಿ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂದು ಹೇಳುವ ಅಧಿಕಾರ ಈ ಕೋರ್ಟಿಗಿಲ್ಲ. ನಂಬಿಕೆಯ ಒಳಮನೆಗೆ ಕೋರ್ಟು ಕಾಲಿಡುವುದಿಲ್ಲ. ಆದರೆ ಆ ಕೈಯ ಕೆಲಸವನ್ನು ಆರು ವರ್ಷ ಉಂಡು, ಆ ಕೈಯ ಒಡತಿಯನ್ನು ಮಾತ್ರ ಹೊರಗಿಟ್ಟದ್ದು ನಂಬಿಕೆಯಲ್ಲ. ಚೌಕಿಗೆ ಹೋದದ್ದಕ್ಕೆ ತೀರಿಸಿಕೊಂಡ ಹಗೆ. ಮನುಷ್ಯರ ತಲೆಯ ಮೇಲೆ ಚಪ್ಪಲಿ ಹೊರಿಸುವುದನ್ನು ಯಾವ ಧರ್ಮದ ಹೆಸರಿನಲ್ಲೂ ಈ ಸಂವಿಧಾನ ಕಾಯುವುದಿಲ್ಲ. ಆದ್ದರಿಂದ ಗೌರಾಬಾಯಿಯ ಹಿಡಿಯನ್ನು ಸಮಾಜ ನಿರಾಕರಿಸುವಂತಿಲ್ಲ.

ನೀತಾ ಫೋನಿನಲ್ಲಿ ಅತ್ತಳು. ಗೌರಾಬಾಯಿ ಅಳಲಿಲ್ಲ. ಮೊದಲು ಆಕೆಗೆ ನೆನಪಾದದ್ದು ಕೋರ್ಟಿನ ಬೆಂಚಿನ ಮೇಲೆ ಕಂಡ ಪಾರವ್ವನ ಮುಖ.

ಅಜ್ಜನ ದಿನಕ್ಕೆ ಎರಡು ದಿನ ಮೊದಲು ಬಾಗಿಲು ಬಡಿದ ಸದ್ದಾಯಿತು. ಪಾರವ್ವ. ಏಳು ವರ್ಷದಲ್ಲಿ ಆಕೆ ಈ ಹೊಸ್ತಿಲ ಮುಂದೆ ನಿಂತದ್ದು ಇದೇ ಮೊದಲು. ಬಾ ಎಂದರೆ ಒಳಗೆ ಬರಲಿಲ್ಲ.

"ನಿನ್ನ ಮಾರಿ ನೋಡಾಕ ಬಂದಿಲ್ಲ ಗೌರಾ. ಒಂದು ಹಿಡಿ ಸಲುವಾಗಿ ನನ್ನ ಮನಿ ತಿಂದಿ."

"ಮನಿ ಬಿಡಿಸಿದಾಂವ ನಿನ್ನ ಗಂಡ. ನಾ ಅಲ್ಲ."

"ಆಂವ ಎಂಥಾಂವ ಅಂತ ನಿನಗ ಗೊತ್ತಿರಲಿಲ್ಲೇನು? ಗೊತ್ತಿದ್ದ ಹೇಳಿದಿ."

ಗೌರಾಬಾಯಿಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು, ಉಳಿದರ್ಧಕ್ಕೆ ಕಣ್ಣು ಮುಚ್ಚಿಕೊಂಡಿದ್ದಳು. "ನೀನೂ ಆರು ವರ್ಷ ನನ್ನ ಕಡೆ ಬೆನ್ನು ಮಾಡಿ ನನ್ನ ಕೈಲೆ ಕುಟ್ಟಿಸಿಕೊಂಡಿ. ಒಮ್ಮೆ ಆದ್ರೂ ಮಾತಾಡಿಸಿದೇನ, ಪಾರೀ?" ಎಂದಳು.

"ಇಲ್ಲ. ಹೆದರಿಕಿ ಇತ್ತು." ಪಾರವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಗೋಧಿಯನ್ನು ಹೊಸ್ತಿಲ ಮೇಲಿಟ್ಟಳು. "ವರ್ಷಾ ಕುಟ್ಟತಿದ್ದಿ, ಈ ವರ್ಷಾನೂ ಕುಟ್ಟು. ಏನ ಮಾಡ್ತಿ ನಿನಗ ಬಿಟ್ಟದ್ದು. ನಾ ಅಂತೂ ಬರೂದಿಲ್ಲ."

ನೀರು ಕೊಡುತ್ತೇನೆ ಎಂದು ಗೌರಾಬಾಯಿ ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಅಜ್ಜನ ದಿನ ಭವನ ತುಂಬಿತ್ತು. ಗೌರಾಬಾಯಿ ಒಳಗೆ ಕಾಲಿಟ್ಟು ನೆಟ್ಟಗೆ ಕೊಪ್ಪರಿಗೆಯ ಕಡೆ ನಡೆದಳು. ಗಲಾಟೆಯಾದೀತೆಂದು ಕಳಿಸಿದ್ದ ಪೊಲೀಸಿನವನೊಬ್ಬ ಕಂಬಕ್ಕೊರಗಿ ಆಕಳಿಸುತ್ತಿದ್ದ. ಉಳಿದ ಮನೆಗಳ ಹಿಡಿ ಆಗಲೇ ಬಿದ್ದಿತ್ತು. ಈ ವರ್ಷ ಎಲ್ಲವೂ ಗಿರಣಿಯ ಗೋಧಿ. ಹೊಳಬಸಪ್ಪ ಕೊಪ್ಪರಿಗೆಯ ಪಕ್ಕ ನಿಂತಿದ್ದ, ಕೈಯಲ್ಲಿ ಕೋರ್ಟಿನ ಕಾಗದ.

"ಹಾಕು," ಎಂದ. "ಕೋರ್ಟು ಹೇಳೇದ, ಹಾಕು. ನಾವು ಕಾಯದಾ ಮೀರೂ ಮಂದಿ ಅಲ್ಲ."

ಗೌರಾಬಾಯಿ ಬಲಗೈಯ ಮುಷ್ಟಿಯನ್ನು ಕೊಪ್ಪರಿಗೆಯ ಮೇಲೆ ಚಾಚಿದಳು. ಏಳು ವರ್ಷ ಈ ಗಳಿಗೆಗಾಗಿ ಹಲ್ಲು ಕಚ್ಚಿ ಬದುಕಿದ್ದಳು. ಈಗ ಮುಷ್ಟಿ ಬಿಚ್ಚದೆ ನಿಂತಳು. "ಪಾರವ್ವನ ಹಿಡಿ ಎಲ್ಲಿ ಅದ ರೀ?" ಎಂದು ಕೇಳಿದಳು.

"ಆರ್ಡರಿನಾಗ ಒಂದ ಹೆಸರು ಅದ. ನಿಂದು." ಹೊಳಬಸಪ್ಪ ಕಾಗದವನ್ನು ಆಕೆಯ ಮುಖದ ಮುಂದೆ ಹಿಡಿದ. "ಆಕೀದು ಬೇಕಂದ್ರ ಆಕಿ ಹೋಗ್ಲಿ ಕೋರ್ಟಿಗೆ. ಐದು ವರ್ಷ ತಿರುಗಲಿ."

ಗೌರಾಬಾಯಿ ಮುಷ್ಟಿ ಬಿಚ್ಚಿದಳು. ಗೋಧಿ ಸುರಿಯಿತು. ಎಲ್ಲರೂ ಉಸಿರು ಬಿಟ್ಟರು, ಮುಗಿಯಿತು ಎಂದುಕೊಂಡರು. ಅಷ್ಟರಲ್ಲಿ ಆಕೆ ಸೆರಗಿನಡಿಯಿಂದ ಎಡಗೈ ತೆಗೆದು ಅದನ್ನೂ ಕೊಪ್ಪರಿಗೆಯ ಮೇಲೆ ಬಿಚ್ಚಿದಳು. ಹೊಳಬಸಪ್ಪ ಆಕೆಯ ಮಣಿಕಟ್ಟು ಹಿಡಿಯುವ ಹೊತ್ತಿಗೆ ಅಂಗೈ ಖಾಲಿಯಾಗಿತ್ತು.

"ಏನದು? ಯಾರ್ದದು?"

"ಪಾರವ್ವಂದು. ಕೈ ಬಿಡ್ರಿ ಮೊದಲ."

ಪೊಲೀಸಿನವನು ಎಚ್ಚೆತ್ತು ಎರಡು ಹೆಜ್ಜೆ ಮುಂದೆ ಬಂದ. ಹೊಳಬಸಪ್ಪ ಕೈ ಬಿಟ್ಟ. ಬಿಟ್ಟವನೇ ಕೊಪ್ಪರಿಗೆಗೆ ಮೊಣಕೈತನಕ ಕೈ ಹಾಕಿ ಗೋಧಿ ತೆಗೆದು ನೋಡಿದ. ಗಿರಣಿಯ ಪುಡಿಗಾಳಿನ ನಡುವೆ ಅಲ್ಲಲ್ಲಿ ಇಡೀ ಕಾಳು ಹೊಳೆಯುತ್ತಿದ್ದವು. ಒಂದೇ ಒರಳು, ಒಂದೇ ಕೈ. ಅದರಲ್ಲಿ ಕೋರ್ಟು ಹಾಕಿಸಿದ ಕಾಳು ಯಾವುದು, ತನ್ನ ಹೆಂಡತಿಯ ಕಾಳು ಯಾವುದು ಎಂದು ಆತನಿಗೆ ತಿಳಿಯುವುದು ಸಾಧ್ಯವೇ ಇರಲಿಲ್ಲ.

"ಆರಿಸಿ ತಗೀರಿ," ಎಂದಳು ಗೌರಾಬಾಯಿ. "ಇಲ್ಲಾ, ನೀವ ಪ್ರಮಾಣ ಮಾಡಿ ಹೇಳಿದಂಗ ಮಾಡ್ರಿ. ಹರಿಯೂ ನೀರಿಗೆ ಸುರೀರಿ. ಕೊಪ್ಪರಿಗಿ ಹೊರಾಕ ಎಂಟು ಮಂದಿ ಬೇಕು. ಯಾರು ಯಾರು ಏಳ್ತೀರಿ, ಏಳ್ರಿ."

ಇನ್ನೂರು ಮನೆಯ ಜನ ಕೂತಿದ್ದರು. ಹೊಳಬಸಪ್ಪ ಮೊದಲ ಸಾಲು ನೋಡಿದ, ಎರಡನೆಯ ಸಾಲು ನೋಡಿದ, ಪಂಚರ ಕಡೆ ನೋಡಿದ. ಪಂಚರು ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ಹೆಂಗಸರ ಸಾಲಿನಲ್ಲಿ ಪ್ರತಿ ವರ್ಷ ಗೋಡೆಯಾಚೆಯಿಂದ ಗೋಧಿ ಕಳಿಸಿದವರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಾರೂ ಏಳಲಿಲ್ಲ.

ಹುಗ್ಗಿ ಬೆಂದ ಮೇಲೆ ಗೌರಾಬಾಯಿ ಹೋಗಿ ಊಟದ ಸಾಲಿನಲ್ಲಿ ಕೂತಳು. ಆಕೆಯ ಪಕ್ಕದಲ್ಲಿದ್ದ ಹೆಂಗಸು ಒಂದು ಮೊಳ ಆಚೆ ಸರಿದಳು. ಸರಿಯಲಿ ಎಂದುಕೊಂಡು ಗೌರಾಬಾಯಿ ಆ ತೆರವಾದ ಜಾಗದಲ್ಲಿ ಇನ್ನೊಂದು ಪತ್ರೋಳಿ ಹಾಸಿದಳು. ಉಣ್ಣುವವಳು ಬರುವುದಿಲ್ಲವೆಂದು ಗೊತ್ತಿತ್ತು. ಬಡಿಸುವವನು ಹುಗ್ಗಿ ತಂದು ಆ ಖಾಲಿ ಎಲೆಯ ಮುಂದೆ ಸೌಟು ಹಿಡಿದು ನಿಂತು, ಹೊಳಬಸಪ್ಪನ ಮುಖ ನೋಡಿದ.

"ಆತನ ಮಾರಿ ಯಾಕ ನೋಡ್ತಿ," ಎಂದಳು ಗೌರಾಬಾಯಿ. "ಬಡಸು."